ಜಿಆರ್‌ಇ ‘ಆಪ್ಷನಲ್’ ಅಂದ್ರೆ ಅಂಕ ಕಳಿಸಬೇಕಾ, ಬೇಡವಾ? ಎಂಎಸ್‌ಗೆ ಅರ್ಜಿ ಹಾಕೋರು ಓದಿ

ಬಿಇ ಮುಗಿಸಿ ಎಂಎಸ್‌ಗೆ ಅಂತ ಅಮೆರಿಕಾಗೆ ಹೊರಡುವ ಮಕ್ಕಳು ಈಗ ತಾಲೂಕು ಕೇಂದ್ರಗಳಲ್ಲೂ ಇದ್ದಾರೆ. ಮೊದಲು ಜಿಆರ್‌ಇ ಬರೆಯದೆ ಅರ್ಜಿ ಹಾಕೋದೇ ಕಷ್ಟವಿತ್ತು. ಕೊರೊನಾ ಬಂದ ಮೇಲೆ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ‘ಆಪ್ಷನಲ್’ ಮಾಡಿದವು. ಅಂದರೆ ಅಂಕ ಕಳಿಸಿದರೂ ಸರಿ, ಬಿಟ್ಟರೂ ಸರಿ. ಗೊಂದಲ ಶುರುವಾಗೋದೇ ಇಲ್ಲಿ. ಪರೀಕ್ಷೆ ಶುಲ್ಕವೇ 20 ಸಾವಿರ ರೂಪಾಯಿಗೂ ಹೆಚ್ಚು. ಅಷ್ಟು ಕೊಟ್ಟು ಬರೆದ ಮೇಲೆ ಕಡಿಮೆ ಅಂಕ ಬಂದರೆ ಏನು ಮಾಡೋದು?

ಮೊದಲು ಮೂರು ಪದ ತಿಳ್ಕೊಳ್ಳಿ

‘ರಿಕ್ವೈರ್ಡ್’ ಅಂದರೆ ಕಳಿಸಲೇಬೇಕು. ‘ಆಪ್ಷನಲ್’ ಅಂದರೆ ನಿಮ್ಮಿಷ್ಟ, ಕಳಿಸಿದರೆ ನೋಡುತ್ತಾರೆ. ‘ನಾಟ್ ಅಕ್ಸೆಪ್ಟೆಡ್’ ಅಂದರೆ ಎಷ್ಟೇ ಒಳ್ಳೆ ಅಂಕ ಇದ್ದರೂ ನೋಡುವುದಿಲ್ಲ. ಒಂದೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಒಂದು ನಿಯಮ, ಮೆಕ್ಯಾನಿಕಲ್‌ಗೆ ಇನ್ನೊಂದು ಇರಬಹುದು. ಹಾಗಾಗಿ ಯಾರದೋ ಮಾತು ನಂಬದೆ, ಆ ವಿಭಾಗದ ವೆಬ್‌ಸೈಟ್‌ನಲ್ಲಿ ಈ ವರ್ಷದ ನಿಯಮ ಏನಿದೆ ಅಂತ ನೀವೇ ನೋಡಿ.

ಎಷ್ಟು ಬಂದರೆ ಕಳಿಸಬಹುದು?

ಜಿಆರ್‌ಇಯಲ್ಲಿ ಕ್ವಾಂಟ್ ಮತ್ತು ವರ್ಬಲ್ ಎರಡಕ್ಕೂ 130ರಿಂದ 170ರವರೆಗೆ ಅಂಕ. ಬರವಣಿಗೆಗೆ 0ಯಿಂದ 6. ಕ್ವಾಂಟ್‌ನಲ್ಲಿ 160 ಅಂದರೆ ಕೇಳೋಕೆ ದೊಡ್ಡದು, ಆದರೆ ಬರೆದವರ ಸಾಲಿನಲ್ಲಿ ಅದು ಹೆಚ್ಚುಕಮ್ಮಿ ಮಧ್ಯದ ಜಾಗ. ಎಂಜಿನಿಯರಿಂಗ್ ವಿಭಾಗದವರು ಮೊದಲು ನೋಡೋದು ಈ ಅಂಕವನ್ನೇ. ಹಿಂದಿನ ವರ್ಷ ಸೀಟು ಸಿಕ್ಕವರ ಸರಾಸರಿಯನ್ನು ಕೆಲವು ವಿಭಾಗಗಳು ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ. ನಿಮ್ಮದು ಅದಕ್ಕಿಂತ ಮೇಲಿದ್ದರೆ ಕಳಿಸಿ. ಸ್ಪಷ್ಟವಾಗಿ ಕೆಳಗಿದ್ದರೆ ಬಿಡಿ.

ಹೆಚ್ಚುಕಮ್ಮಿ ಅಷ್ಟೇ ಇದ್ದರೆ? ಆಗ ಅರ್ಜಿಯ ಉಳಿದ ಭಾಗ ನೋಡಿ. ಸಿಜಿಪಿಎ 7ರ ಆಸುಪಾಸು, ಕಾಲೇಜಿನ ಹೆಸರು ಅಲ್ಲಿನವರಿಗೆ ಗೊತ್ತಿಲ್ಲ, ಆದರೆ ಕ್ವಾಂಟ್ 167 ಇದೆ ಅಂದುಕೊಳ್ಳಿ. ಕಳಿಸಿದರೆ ಲಾಭ. ‘ಹುಡುಗನಿಗೆ ಲೆಕ್ಕ ಬರುತ್ತೆ’ ಅನ್ನೋದಕ್ಕೆ ಅದೊಂದು ಸಾಕ್ಷಿ. ಅದೇ ಸಿಜಿಪಿಎ 9 ಇದ್ದು, ಒಳ್ಳೆ ಪ್ರಾಜೆಕ್ಟ್ ಮಾಡಿ, ಕ್ವಾಂಟ್ ಮಾತ್ರ 154 ಬಂದಿದ್ದರೆ ಕಳಿಸೋದು ಬೇಡ. ಚೆನ್ನಾಗಿರೋ ಅರ್ಜಿಗೆ ನಾವೇ ಮಸಿ ಬಳಿದ ಹಾಗಾಗುತ್ತೆ.

ಹಣ ಉಳಿಸುವ ವಿಷಯ

ಪರೀಕ್ಷಾ ಕೇಂದ್ರದಲ್ಲಿ ಬರೆದರೆ ಕ್ವಾಂಟ್, ವರ್ಬಲ್ ಅಂಕ ಅವತ್ತೇ ತೆರೆ ಮೇಲೆ ಕಾಣುತ್ತೆ. ಆ ದಿನ ನಾಲ್ಕು ಕಡೆಗೆ ಉಚಿತವಾಗಿ ಕಳಿಸಬಹುದು. ಆಮೇಲೆ ಕಳಿಸಿದರೆ ಪ್ರತಿ ವಿಶ್ವವಿದ್ಯಾಲಯಕ್ಕೂ ಡಾಲರ್‌ನಲ್ಲಿ ಬೇರೆ ಶುಲ್ಕ. ಆದ್ದರಿಂದ ನಾಲ್ಕು ಹೆಸರು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. 21 ದಿನ ಬಿಟ್ಟು ಮತ್ತೆ ಬರೆಯಬಹುದು, ಚೆನ್ನಾಗಿ ಬಂದ ಪರೀಕ್ಷೆಯ ಅಂಕ ಮಾತ್ರ ಕಳಿಸುವ ಅವಕಾಶವೂ ಇದೆ. ಅಂಕ 5 ವರ್ಷ ಚಾಲ್ತಿಯಲ್ಲಿರುತ್ತೆ.

ಇನ್ನೂ ಬರೆದೇ ಇಲ್ಲದವರು ಮೊದಲು ಕಾಲೇಜುಗಳ ಪಟ್ಟಿ ಮಾಡಿ. ಎಲ್ಲ ಕಡೆ ‘ನಾಟ್ ಅಕ್ಸೆಪ್ಟೆಡ್’ ಇದ್ದರೆ ಶುಲ್ಕವೂ ಉಳೀತು, ಕೋಚಿಂಗ್ ದುಡ್ಡೂ ಉಳೀತು.

ಇವು ನೆನಪಿರಲಿ

* ಟೋಫೆಲ್, ಐಇಎಲ್‌ಟಿಎಸ್ ಬೇರೆ. ಜಿಆರ್‌ಇ ಆಪ್ಷನಲ್ ಅಂದ ಮಾತ್ರಕ್ಕೆ ಇಂಗ್ಲಿಷ್ ಪರೀಕ್ಷೆ ಬೇಡ ಅಂತಲ್ಲ.
* ಅಂಕ ಕಳಿಸದಿದ್ದರೆ ರೆಸ್ಯೂಮೆಯಲ್ಲೂ ಬರೀಬೇಡಿ.
* ಫೆಲೋಶಿಪ್, ಸ್ಕಾಲರ್‌ಶಿಪ್‌ಗೆ ಅಂಕ ಕೇಳ್ತಾರಾ ಅಂತ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿ.
* ಪಿಯುಸಿ ಮುಗಿಸಿ ನೇರ ಡಿಗ್ರಿಗೆ ಹೋಗುವವರಿಗೆ ಇರೋದು ಸ್ಯಾಟ್. ಎಂಐಟಿ, ಹಾರ್ವರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಯುಸಿ) ಸೀಟು ಕೊಡುವಾಗ ಸ್ಯಾಟ್ ಅಂಕ ನೋಡೋದೇ ಇಲ್ಲ.

ಮನೆ, ಹೊಲ ಅಡ ಇಟ್ಟು ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಈ ಪಟ್ಟಿಯನ್ನು ಮಕ್ಕಳ ಜೊತೆ ಕೂತು ಒಮ್ಮೆ ನೋಡೋದು ಒಳ್ಳೇದು. ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ‘ಇದರಲ್ಲಿ ಯಾವುದಕ್ಕೆ ಕಳಿಸ್ತೀಯ, ಯಾಕೆ?’ ಅಂತ ಕೇಳಿದರೆ ಸಾಕು.