ಸಣ್ಣ ಉದ್ದಿಮೆಗಳಿಗೆ ಸರ್ವರ್ ವರ್ಚುವಲೈಸೇಷನ್: ಅನುಕೂಲಗಳು ಹಾಗೂ ಮುನ್ನೆಚ್ಚರಿಕೆಗಳು

ವರ್ಚುವಲೈಸೇಷನ್ ಎಂದರೇನು?

ಒಂದು ಸರ್ವರ್‌ನ ಪ್ರೊಸೆಸರ್, ಮೆಮೊರಿ ಹಾಗೂ ಡಿಸ್ಕ್‌ಗಳನ್ನು ತಂತ್ರಾಂಶದ ಮೂಲಕ ಹಂಚಿ, ಅದೇ ಯಂತ್ರದಲ್ಲಿ ಹಲವು ಸರ್ವರ್‌ಗಳು ಪ್ರತ್ಯೇಕವಾಗಿ ಕಾರ್ಯನಿರ್ವಹಿಸುವಂತೆ ಮಾಡುವ ವಿಧಾನವನ್ನು ಸರ್ವರ್ ವರ್ಚುವಲೈಸೇಷನ್ ಎನ್ನಲಾಗುತ್ತದೆ. ಹಂಚಿಕೆಯನ್ನು ನಿರ್ವಹಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಒಂದೇ ಯಂತ್ರದ ಒಂದು ಭಾಗದಲ್ಲಿ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್ ಇರಬಹುದು. ಈ ವಿಧಾನ ಹೊಸದೇನಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ಮೇನ್‌ಫ್ರೇಮ್‌ಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಸಾಮಾನ್ಯ ಸರ್ವರ್‌ಗಳಿಗೆ ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್ 2001ರಲ್ಲಿ ದೊರೆಯಿತು. 2007ರಲ್ಲಿ ಕೆವಿಎಂ ಲಿನಕ್ಸ್‌ನ ಭಾಗವಾಗಿ ಉಚಿತವಾಗಿ ಲಭ್ಯವಾಯಿತು.

ಉದ್ದಿಮೆದಾರರಿಗೆ ಆಗುವ ಪ್ರಯೋಜನ

ಲೆಕ್ಕಪತ್ರ, ಹಾಜರಾತಿ, ಕಡತ ಸಂಗ್ರಹ, ಇ-ಮೇಲ್ ಹೀಗೆ ಒಂದೊಂದಕ್ಕೂ ಒಂದೊಂದು ಸರ್ವರ್ ಇರಿಸಿಕೊಂಡಿರುವ ಕಾರ್ಖಾನೆಗಳಲ್ಲಿ ಆ ಯಂತ್ರಗಳು ದಿನದ ಬಹುಪಾಲು ಕೆಲಸವಿಲ್ಲದೆ ಇರುತ್ತವೆ. ಆದರೂ ವಿದ್ಯುತ್ ಬಳಕೆ ನಿಲ್ಲುವುದಿಲ್ಲ. ಹವಾನಿಯಂತ್ರಣ ಹಾಗೂ ಯುಪಿಎಸ್‌ನ ಹೊರೆಯೂ ತಪ್ಪುವುದಿಲ್ಲ. ಇವುಗಳನ್ನು ಒಂದೆರಡು ಯಂತ್ರಗಳಿಗೆ ಒಗ್ಗೂಡಿಸಿದಲ್ಲಿ ಯಂತ್ರಗಳ ಖರೀದಿ, ನಿರ್ವಹಣೆ ಮತ್ತು ವಿದ್ಯುತ್ ವೆಚ್ಚ ತಗ್ಗುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಯೋಜನ ಮತ್ತೊಂದಿದೆ. ವರ್ಚುವಲ್ ಸರ್ವರ್ ಎಂಬುದು ಡಿಸ್ಕ್‌ನಲ್ಲಿರುವ ಕೆಲವು ಕಡತಗಳ ಸಮೂಹವಷ್ಟೇ. ಅದರ ಪ್ರತಿ ಬೇರೆಡೆ ಇದ್ದಲ್ಲಿ, ಮೂಲ ಯಂತ್ರ ಕೆಟ್ಟರೂ ಅದೇ ಹೈಪರ್‌ವೈಸರ್ ಇರುವ ಮತ್ತೊಂದು ಯಂತ್ರದಲ್ಲಿ ಅದನ್ನು ಪುನಃ ಚಾಲನೆಗೊಳಿಸಬಹುದು. ಬಿಡಿಭಾಗ ಬರುವವರೆಗೆ ಬಿಲ್ ಬರೆಯುವುದನ್ನು ನಿಲ್ಲಿಸಬೇಕಾಗಿಲ್ಲ.

ಗಮನಿಸಬೇಕಾದ ಅಂಶಗಳು

ಎಲ್ಲ ಸರ್ವರ್‌ಗಳೂ ಒಂದೇ ಯಂತ್ರದಲ್ಲಿದ್ದಲ್ಲಿ, ಆ ಯಂತ್ರ ನಿಂತೊಡನೆ ಎಲ್ಲವೂ ನಿಲ್ಲುತ್ತವೆ. ಆದುದರಿಂದ ಕನಿಷ್ಠ ಎರಡು ಯಂತ್ರಗಳಿರುವುದು ಅಪೇಕ್ಷಣೀಯ. ಹೈಪರ್‌ವೈಸರ್‌ನ ‘ಸ್ನ್ಯಾಪ್‌ಶಾಟ್’ ಸೌಲಭ್ಯವನ್ನೇ ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದು ಮೂಲ ಡಿಸ್ಕ್‌ನ ಮೇಲೆಯೇ ಅವಲಂಬಿತವಾಗಿರುವುದರಿಂದ ಡಿಸ್ಕ್ ಹಾಳಾದರೆ ಉಪಯೋಗಕ್ಕೆ ಬಾರದು.

ಫೆಬ್ರವರಿ 2023ರಲ್ಲಿ ‘ಇಎಸ್‌ಎಕ್ಸ್‌ಐ ಆರ್ಗ್ಸ್’ ಎಂಬ ಸುಲಿಗೆ ತಂತ್ರಾಂಶವು ಹಲವು ದೇಶಗಳಲ್ಲಿ ಸಾವಿರಾರು ಹೈಪರ್‌ವೈಸರ್‌ಗಳ ಮೇಲೆ ದಾಳಿ ನಡೆಸಿ, ಅವುಗಳಲ್ಲಿದ್ದ ವರ್ಚುವಲ್ ಸರ್ವರ್‌ಗಳ ಕಡತಗಳಿಗೆ ಬೀಗ ಹಾಕಿತು. ಈ ದಾಳಿಗೆ ಬಳಕೆಯಾಯಿತೆನ್ನಲಾದ ದೋಷದ ಪರಿಹಾರ ಫೆಬ್ರವರಿ 2021ರಲ್ಲಿಯೇ ಬಿಡುಗಡೆಯಾಗಿತ್ತು. ಹಲವರು ಅದನ್ನು ಎರಡು ವರ್ಷ ಅಳವಡಿಸಿಕೊಂಡಿರಲಿಲ್ಲ. ಹೈಪರ್‌ವೈಸರ್‌ನ ನಿಯಂತ್ರಣ ಪುಟವನ್ನು ಅಂತರ್ಜಾಲಕ್ಕೆ ತೆರೆದಿಡಬಾರದು. ಬ್ಯಾಕಪ್‌ನ ಒಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇರಿಸತಕ್ಕದ್ದು ಹಾಗೂ ಅದರಿಂದ ಮಾಹಿತಿ ಮರಳಿ ದೊರೆಯುವುದೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು. ಏಪ್ರಿಲ್ 28, 2022ರ ಸಿಇಆರ್‌ಟಿ-ಇನ್ ನಿರ್ದೇಶನದನ್ವಯ, ಇಂತಹ ಸೈಬರ್ ಘಟನೆಗಳನ್ನು ಕಂಪನಿಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕಾಗುತ್ತದೆ.

ವೆಚ್ಚ

ಉಳಿತಾಯದ ಲೆಕ್ಕ ಹಾಕುವಾಗ ಪರವಾನಗಿ ಶುಲ್ಕವನ್ನು ಮರೆಯಬಾರದು. ನವೆಂಬರ್ 2023ರಲ್ಲಿ ವಿಎಂವೇರ್ ಅನ್ನು ಖರೀದಿಸಿದ ಬ್ರಾಡ್‌ಕಾಮ್ ಸಂಸ್ಥೆಯು ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ಕೊನೆಗೊಳಿಸಿ, ಚಂದಾ ಪದ್ಧತಿಗೆ ಬದಲಾಯಿತು. ಕೆವಿಎಂನಂತಹ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲದಿದ್ದರೂ ಅದನ್ನು ಬಲ್ಲ ಸಿಬ್ಬಂದಿ ಬೇಕು. ಒಂದೇ ಸರ್ವರ್‌ನಿಂದ ಕೆಲಸ ಸಾಗುತ್ತಿರುವ ಉದ್ದಿಮೆಯು ಕೇವಲ ವೆಚ್ಚ ಉಳಿಸುವ ಸಲುವಾಗಿ ಈ ವ್ಯವಸ್ಥೆಗೆ ಬದಲಾಗುವ ಅಗತ್ಯವಿರುವುದಿಲ್ಲ.