ನಿಮಿಷಕ್ಕೆ ಎಷ್ಟು ಕಿಲೋ?

ದಿಲ್ಲಿಯಿಂದ ಮುಕ್ಕಾಲು ಗಂಟೆ ತಡವಾಗಿ ಹೊರಟ ವಿಮಾನ ಬೆಂಗಳೂರು ತಲುಪುವಾಗ ಇಪ್ಪತ್ತೇ ನಿಮಿಷ ತಡವಾಗಿತ್ತಂತೆ. ‘ಹಾಗಿದ್ದರೆ ದಿನಾ ಅಷ್ಟೇ ಜೋರಾಗಿ ಯಾಕೆ ಓಡಿಸುವುದಿಲ್ಲ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಆ ಇಪ್ಪತ್ತೈದು ನಿಮಿಷ ಬಂದದ್ದು ವೇಗದಿಂದಲ್ಲ. ಏರ್‌ಬಸ್ ಎ320 ಸಾಮಾನ್ಯವಾಗಿ ಹಾರುವುದು ಶಬ್ದದ ವೇಗದ ಶೇ 77ರ ಆಸುಪಾಸಿನಲ್ಲಿ, ಅಂದರೆ ಗಂಟೆಗೆ ಸುಮಾರು 820 ಕಿ.ಮೀ. ಎಷ್ಟೇ ಅವಸರವಿದ್ದರೂ ಶೇ 80ರ ಹತ್ತಿರ ನಿಲ್ಲಿಸುತ್ತಾರೆ. ಶೇ 82 ದಾಟುವಂತೆಯೇ ಇಲ್ಲ. ಏರುವ, ಇಳಿಯುವ ದೂರ ಕಳೆದು 1,300 ಕಿ.ಮೀ. ಸಮನಾಗಿ ಹಾರಿದರೂ ಉಳಿಯುವುದು ನಾಲ್ಕು ನಿಮಿಷದೊಳಗೆ. ಮಿಕ್ಕಿದ್ದು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಟ್ಟ ಸಮಯ, ಜೊತೆಗೆ ವಾಯು ಸಂಚಾರ ನಿಯಂತ್ರಕರು (ಎಟಿಸಿ) ಕೊಟ್ಟ ನೇರ ದಾರಿ.

ಆ ನಾಲ್ಕು ನಿಮಿಷವಾದರೂ ಪುಕ್ಕಟೆಯಲ್ಲ. ವಿಮಾನ ಆಕಾಶದಲ್ಲಿದ್ದಷ್ಟು ಹೊತ್ತೂ ಸಿಬ್ಬಂದಿಯ ಭತ್ಯೆ, ಎಂಜಿನ್‌ನ ಸವೆತ, ಗಂಟೆ ಲೆಕ್ಕದ ನಿರ್ವಹಣೆ ಎಲ್ಲಕ್ಕೂ ದುಡ್ಡು. ಜೋರಾಗಿ ಹೋದರೆ ಈ ಖರ್ಚು ಇಳಿಯುತ್ತದೆ, ಇಂಧನದ ಖರ್ಚು ಏರುತ್ತದೆ. ಇವೆರಡರ ತೂಗಾಟವನ್ನು ಕಂಪನಿ ಒಂದೇ ಒಂದು ಅಂಕಿಯಲ್ಲಿ ಹಿಡಿದಿಡುತ್ತದೆ. ಅದರ ಹೆಸರು ಕಾಸ್ಟ್ ಇಂಡೆಕ್ಸ್. ಹೊರಡುವ ಮೊದಲು ಪೈಲಟ್ ಅದನ್ನು ಕಾಕ್‌ಪಿಟ್ ಕಂಪ್ಯೂಟರಿಗೆ ಒತ್ತುತ್ತಾರೆ. ಏರ್‌ಬಸ್‌ನಲ್ಲಿ 0ಯಿಂದ 999ರವರೆಗೆ ಯಾವುದಾದರೂ ಆಗಬಹುದು. 30 ಎಂದು ಒತ್ತಿದರೆ ಅರ್ಥ ಇಷ್ಟೇ: ಒಂದು ನಿಮಿಷ ಉಳಿಸಲು 30 ಕಿಲೋ ಇಂಧನ ಸುಡಬಹುದು, ಅದಕ್ಕಿಂತ ಹೆಚ್ಚು ಬೇಡ. ಕಾಲದ ಬೆಲೆಯನ್ನು ಕಿಲೋಗಳಲ್ಲಿ ಬರೆದಿಡುವ ಈ ಉಪಾಯ ನನಗೆ ಬಹಳ ಇಷ್ಟ.

ಸೊನ್ನೆ ಒತ್ತಿದರೆ ವಿಮಾನ ತೆವಳುತ್ತದೆ ಎಂದುಕೊಳ್ಳಬೇಡಿ. ತೀರಾ ನಿಧಾನವಾದರೆ ರೆಕ್ಕೆ ಮೂಗೆತ್ತಿ ಗಾಳಿಯನ್ನು ಸೀಳಬೇಕು, ಎಳೆತ ಹೆಚ್ಚಿ ಇಂಧನ ಮತ್ತೆ ಏರುತ್ತದೆ. ಸೊನ್ನೆ ಎಂದರೆ ಕಿಲೋಮೀಟರಿಗೆ ಅತಿ ಕಡಿಮೆ ಇಂಧನ ಸುಡುವ ವೇಗ. ಅಲ್ಲಿಂದ ಮೇಲೆ ಇಂಧನದಲ್ಲಿ ಬರೀ ಶೇ 1 ಬಿಟ್ಟುಕೊಟ್ಟರೆ ವೇಗದಲ್ಲಿ ಶೇ 3ರಿಂದ 5 ಸಿಗುತ್ತದೆ. ಆಮೇಲಿನ ಪ್ರತಿ ನಿಮಿಷವೂ ದುಬಾರಿಯಾಗುತ್ತಲೇ ಹೋಗುತ್ತದೆ.

ಇನ್ನು ಗಾಳಿಯ ವಿಷಯ. ಎದುರುಗಾಳಿ ಇದ್ದಾಗ ವೇಗ ಇಳಿಸಿದರೆ ಇಂಧನ ಉಳಿಯುತ್ತದೆ ಅನ್ನಿಸುತ್ತದಲ್ಲವೇ? ಕಂಪ್ಯೂಟರ್ ಮಾಡುವುದು ತದ್ವಿರುದ್ಧ. ತುಂಗಭದ್ರೆಯ ಸೆಳವಿಗೆ ಎದುರಾಗಿ ಹರಿಗೋಲು ಹಾಕುವವನು ಸೆಳವಿನಷ್ಟೇ ವೇಗದಲ್ಲಿ ಹುಟ್ಟು ಹಾಕಿದರೆ ತೋಳು ಸೋಲುತ್ತದೆ, ದಡ ಹತ್ತಿರವಾಗುವುದಿಲ್ಲ. ವಿಮಾನದ್ದೂ ಅದೇ ಪಾಡು. ಗಂಟೆಗೆ 150 ಕಿ.ಮೀ. ಎದುರುಗಾಳಿಯಲ್ಲಿ 820ರ ವೇಗವು ನೆಲದ ಮೇಲೆ 670 ಮಾತ್ರ. ಅಲ್ಲಿ 30 ಕಿ.ಮೀ. ಹೆಚ್ಚಿಸಿದರೆ ಲಾಭ ಶೇ 4.5. ಅದೇ ಗಾಳಿ ಬೆನ್ನಿಗಿದ್ದರೆ ನೆಲದ ವೇಗ 970. ಅಷ್ಟೇ ಹೆಚ್ಚಳಕ್ಕೆ ಲಾಭ ಶೇ 3. ಆದ್ದರಿಂದ ಎದುರುಗಾಳಿಗೆ ತುಸು ಜೋರು, ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ತುಸು ನಿಧಾನ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಇದಕ್ಕಿಂತ ಜೋರಾಗಿರುವುದುಂಟು. ಯುರೋಪಿಗೆ ಹೋಗುವಾಗ ಪ್ರಯಾಣ ಉದ್ದವಾಗಿ, ಬರುವಾಗ ಗಿಡ್ಡವಾಗುವುದು ಹೆಚ್ಚಾಗಿ ಅದರಿಂದಲೇ.

ಈ ಲೆಕ್ಕಾಚಾರದ ಸುದ್ದಿ ಕೇಳಿದ ಕೂಡಲೇ ‘ಕಂಪನಿಗಳು ದುಡ್ಡುಳಿಸಲು ಕಡಿಮೆ ಇಂಧನ ತುಂಬಿ ನಮ್ಮ ಜೀವದ ಜೊತೆ ಆಟವಾಡುತ್ತವೆ’ ಎಂಬ ವಾಟ್ಸಾಪ್ ಸಂದೇಶ ಮತ್ತೆ ಸುತ್ತತೊಡಗುತ್ತದೆ. ಅನಗತ್ಯ ಇಂಧನ ಹೊರುವುದಿಲ್ಲ ಎಂಬಷ್ಟು ನಿಜ. ದೂರದ ಹಾರಾಟದಲ್ಲಿ ಹೆಚ್ಚುವರಿ ಇಂಧನದ ಶೇ 3ರಿಂದ 4 ಗಂಟೆಗಂಟೆಗೂ ಅದನ್ನು ಹೊರುವುದಕ್ಕೇ ಕರಗುತ್ತದೆ. ಆದರೆ ದಾರಿಗೆ ಬೇಕಾದದ್ದರ ಮೇಲೆ ಅನಿರೀಕ್ಷಿತಕ್ಕೆಂದು ಒಂದು ಪಾಲು, ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣ ಮುಟ್ಟುವಷ್ಟು, ಅದರ ಮೇಲೂ ಅರ್ಧ ಗಂಟೆ ಸುತ್ತುವಷ್ಟು ಇರಲೇಬೇಕೆಂಬುದು ನಿಯಮ. ಕಾಸ್ಟ್ ಇಂಡೆಕ್ಸ್ ಈ ಮೀಸಲನ್ನು ಮುಟ್ಟುವುದಿಲ್ಲ. ಅಂಥ ಸಂದೇಶ ಬಂದರೆ ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ.