ಸವೆದ ನಾಣ್ಯದ ಸಾಕ್ಷ್ಯ

ಗುಜರಾತ ಮತ್ತು ಮಾಳವ ಪ್ರಾಂತಗಳನ್ನು ಶತಮಾನಗಳ ಕಾಲ ಆಳಿದ ಪಶ್ಚಿಮ ಕ್ಷತ್ರಪರ ಬೆಳ್ಳಿಯ ನಾಣ್ಯವು ಕಿರುಬೆರಳಿನ ಉಗುರಿಗಿಂತ ತುಸುವೇ ದೊಡ್ಡದು. ಅದರ ಒಂದು ಮುಖದಲ್ಲಿ ಬಲಕ್ಕೆ ತಿರುಗಿದ ಅರಸನ ಶಿರಸ್ಸೂ, ಸುತ್ತಲೂ ಅರ್ಥಗೆಟ್ಟು ಕೇವಲ ಅಲಂಕಾರವಾಗಿ ಉಳಿದ ಗ್ರೀಕ್ ಲಿಪಿಯೂ, ಇನ್ನೊಂದು ಮುಖದಲ್ಲಿ ಮೂರು ಕಮಾನುಗಳ ಗಿರಿ, ಚಂದ್ರ, ಸೂರ್ಯ ಮತ್ತು ಬ್ರಾಹ್ಮೀ ಲೇಖವೂ ಇರುತ್ತವೆ.

ನೋಡುವವರ ಕಣ್ಣು ಮೊದಲು ಮುಖಚಿತ್ರಕ್ಕೇ ಹೋಗುವುದು ಸಹಜವಾದರೂ, ಟಂಕಶಾಲೆಯ ಶಿಲ್ಪಿಗಳು ರೂಢಿಯ ಮುಖವನ್ನೇ ತಲೆಮಾರುಗಳವರೆಗೆ ಕೊರೆದುದರಿಂದ, ಮೀಸೆ ಮೂಗುಗಳನ್ನು ನಂಬಿ ಹೆಸರಿಡುವುದು ಅಪಾಯಕರ. ಲೇಖವೇ ಹೆಚ್ಚು ವಿಶ್ವಾಸಾರ್ಹವಾದುದು. ಅಲ್ಲಿ ‘ಪುತ್ರಸ’ ಎಂಬ ಪದವನ್ನು ಮೊದಲು ಹುಡುಕಬೇಕು. ಅದರ ಹಿಂದೆ ತಂದೆಯ ಹೆಸರು, ಮುಂದೆ ನಾಣ್ಯವನ್ನು ಹೊರಡಿಸಿದವನ ಬಿರುದು ಮತ್ತು ಹೆಸರು. ರುದ್ರಸೇನ ಎಂಬ ಹೆಸರಿನ ಕ್ಷತ್ರಪರು ಹಲವರಿದ್ದಾರಷ್ಟೆ, ತಂದೆ ರುದ್ರಸಿಂಹನಾದರೆ ಒಂದನೆಯವನು, ವೀರದಾಮನಾದರೆ ಎರಡನೆಯವನು. ನಾಣ್ಯದ ಬಿಲ್ಲೆಗಿಂತ ಅಚ್ಚು ದೊಡ್ಡದಾಗಿದ್ದಾಗ ಅಕ್ಷರಗಳ ತಲೆಯ ಮೇಲಿನ ಸ್ವರಚಿಹ್ನೆಗಳು ಅಂಚಿನಾಚೆ ಉಳಿದುಹೋಗುವುದರಿಂದ, ವ್ಯಂಜನದ ಕಾಲುಗಳಿಂದಲೇ ಊಹಿಸಬೇಕಾದೀತು.

ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯವಿರುವುದು ಅರಸನ ತಲೆಯ ಹಿಂದೆ: ಅನೇಕ ನಾಣ್ಯಗಳಲ್ಲಿ ಅಲ್ಲಿ ಶಕವರ್ಷವನ್ನೇ ಬರೆದಿದ್ದಾರೆ. ನೂರು, ಹತ್ತು, ಬಿಡಿಗಳಿಗೆ ಬೇರೆಬೇರೆ ಚಿಹ್ನೆಗಳಿರುವುದರಿಂದ, ಬಿಡಿಯಂಕ ಸವೆದು ನೂರು ಮತ್ತು ನಲವತ್ತು ಮಾತ್ರ ಉಳಿದಿದ್ದರೂ, 78ನ್ನು ಕೂಡಿಸಿ, ಆ ನಾಣ್ಯವು ಸುಮಾರು ಕ್ರಿ.ಶ. 218ರಿಂದ 227ರ ನಡುವಿನದೆಂದು ಹೇಳಬಹುದು.

ಕೆಲವೊಮ್ಮೆ ಒಂದೇ ನಾಣ್ಯದ ಮೇಲೆ ಇಬ್ಬರು ಅರಸರ ಮುದ್ರೆಗಳಿರುತ್ತವೆ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ತೆಂಬಿಯಲ್ಲಿ ದೊರೆತ ಕ್ಷತ್ರಪ ಅರಸ ನಹಪಾನನ 13,000ಕ್ಕೂ ಮಿಕ್ಕ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ, ಅವನನ್ನು ಗೆದ್ದ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯು ತನ್ನ ಮುದ್ರೆಯನ್ನು ಒತ್ತಿಸಿದ್ದನು. ಅಂಥವುಗಳಲ್ಲಿ ಎರಡು ಲೇಖಗಳನ್ನೂ ಬಿಡಿಸಿ ಓದಬೇಕಾಗುತ್ತದೆ.